‘ಷಾ’ದಿಂದ ‘ಷೇವಿಯನ್’: ನಡುವೆ ‘ವ’ ಎಲ್ಲಿಂದ ಬಂತು?

ಪದಗಂಟು:

ಬರ್ನಾರ್ಡ್ ಷಾ (Shaw) ನಾಟಕಗಳ ಬಗೆಗಿನ ಇಂಗ್ಲಿಷ್ ಬರಹಗಳಲ್ಲಿ ‘ಷೇವಿಯನ್’ (Shavian) ಅನ್ನುವ ವಿಶೇಷಣ ಪುಟಕ್ಕೊಂದು ಸಲ ಸಿಗುತ್ತದೆ. ಡಿಕನ್ಸ್‌ಗೆ ಡಿಕೆನ್ಸಿಯನ್, ಆರ್ವೆಲ್‌ಗೆ ಆರ್ವೆಲಿಯನ್ ಅನ್ನುವಾಗ ಹೆಸರು ಇದ್ದ ಹಾಗೇ ಇದ್ದು, ಬಾಲಕ್ಕೆ ‘ಇಯನ್’ ಅಂಟಿಕೊಳ್ಳುತ್ತದೆ. ಆ ಲೆಕ್ಕಕ್ಕೆ ಇದು ‘ಷಾಯಿಯನ್’ ಆಗಬೇಕಿತ್ತು. ಇಲ್ಲಿ ಎರಡು ಕಡೆ ಕೈಚಳಕ ನಡೆದಿದೆ. ಡಬ್ಲ್ಯು ಇದ್ದ ಜಾಗಕ್ಕೆ ವಿ ಬಂದಿದೆ, ‘ಷಾ’ ಅನ್ನುವ ಸ್ವರ ‘ಷೇ’ ಆಗಿದೆ.

ನನ್ನ ಪ್ರಶ್ನೆ ಮೂರು. ಈ ‘ವ’ ಎಲ್ಲಿಯದು? ಸ್ವರ ಯಾಕೆ ಬದಲಾಯಿತು? ಬೇರೆ ಅಡ್ಡಹೆಸರುಗಳಿಗೆ (ಮನೆತನದ ಹೆಸರುಗಳಿಗೆ) ಹೀಗೆ ಆಗುತ್ತದೋ ಇಲ್ಲವೋ ಎಂದು ಮೊದಲೇ ಹೇಳಲು ಏನಾದರೂ ಹಿಡಿತ ಇದೆಯೇ? ಕನ್ನಡಕ್ಕೆ ತರುವಾಗ ಏನು ಮಾಡಬೇಕು ಅನ್ನುವುದನ್ನೂ ಯಾರಾದರೂ ಹೇಳಿದರೆ ಒಳ್ಳೆಯದು.

ಸಂಧಿವಿಗ್ರಹಿ:

ಇದಕ್ಕೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಎರಡು ಸ್ವರ ಎದುರುಬದುರಾದಾಗ ನಾಲಿಗೆಗೆ ಆಸರೆ ಬೇಕು. ಮನೆ+ಅನ್ನು ‘ಮನೆಯನ್ನು’ ಆಗುತ್ತದೆ, ಗುರು+ಅನ್ನು ‘ಗುರುವನ್ನು’ ಆಗುತ್ತದೆ. ಷಾ+ಇಯನ್ ಕೂಡ ಹಾಗೇ. ಶುದ್ಧ ವಕಾರಾಗಮ.

ಹಳೇನಿಘಂಟು:

ನೋಡಲು ಆಗಮದ ಹಾಗೇ ಇದೆ, ಆದರೆ ಅಲ್ಲ. ಮೊದಲು ಇಂಗ್ಲಿಷಿನ ನಾಲಿಗೆಯನ್ನೇ ಕೇಳಿ ನೋಡಿ. ‘ಆ’ ದನಿಯ ಪಕ್ಕ ಇನ್ನೊಂದು ಸ್ವರ ಬಂದರೆ ಅದು ‘ವ’ವನ್ನು ಕರೆಯುವುದಿಲ್ಲ. ಬ್ರಿಟನ್ನಿನ ಬಹಳ ಮಂದಿ ಅಲ್ಲಿ ‘ರ’ ಸೇರಿಸುತ್ತಾರೆ. ‘ಲಾ ಅಂಡ್ ಆರ್ಡರ್’ ಅವರ ಬಾಯಲ್ಲಿ ‘ಲಾರಂಡ್ ಆರ್ಡರ್’, ‘ಡ್ರಾಯಿಂಗ್’ ಹಲವರಿಗೆ ‘ಡ್ರಾರಿಂಗ್’. ಇಂಗ್ಲಿಷಿನ ಆಗಮ ಸಂಧಿಯೇ ಇಲ್ಲಿ ಕೆಲಸ ಮಾಡಿದ್ದರೆ ನಮಗೆ ಸಿಗುತ್ತಿದ್ದದ್ದು ‘ಷಾರಿಯನ್’. ಹೆಸರಿಗೆ ನೇರವಾಗಿ ಬಾಲ ಹಚ್ಚಿದ ‘ಷಾಯಿಯನ್’ ರೂಪವೂ 1890ರ ದಶಕದಲ್ಲಿ ಚಲಾವಣೆಯಲ್ಲಿತ್ತು, ಆದರೆ ನಿಲ್ಲಲಿಲ್ಲ. ಬಾಯಲ್ಲಿ ಅದು ಜಾರುತ್ತದೆ ಅನ್ನುವುದು ಒಂದು ಕಾರಣವಿರಬಹುದು.

‘ವ’ ಬಂದದ್ದು ಲ್ಯಾಟಿನ್ನಿನಿಂದ. ಇಲ್ಲಿ ಇಂಗ್ಲಿಷ್ ಹೆಸರಿಗೆ ನೇರವಾಗಿ ಪ್ರತ್ಯಯ ಹತ್ತಿಲ್ಲ, ನಡುವೆ ಒಂದು ಮೆಟ್ಟಿಲಿದೆ. ಹೆಸರನ್ನು ಮೊದಲು ಲ್ಯಾಟಿನ್ ಮಾಡಿ ‘ಷೇವಿಯಸ್’ ಅಂದರು. ಆಮೇಲೆ ‘ಅಸ್’ ಕಳಚಿ ‘ಅನ್’ ಹಚ್ಚಿದರು. ಆದ್ದರಿಂದ ಪದವನ್ನು ಬಿಡಿಸುವಾಗ ಷೇ+ವಿಯನ್ ಅಂತ ಒಡೆಯುವುದು ತಪ್ಪು. ‘ವಿಯನ್’ ಅನ್ನುವ ಪ್ರತ್ಯಯ ಇಲ್ಲ. ಷೇವ್+ಇ+ಅನ್ ಅಂತಲೇ ಬಿಡಿಸಬೇಕು. ರೋಮನ್ನರಲ್ಲಿ ಆಕ್ಟೇವಿಯಸ್‌ನಿಂದ ಆಕ್ಟೇವಿಯನ್, ಫ್ಲೇವಿಯಸ್‌ನಿಂದ ಫ್ಲೇವಿಯನ್ ಆದದ್ದು ಇದೇ ಅಚ್ಚಿನಲ್ಲಿ.

ಹಾಗಾದರೆ ಷೇವಿಯಸ್‌ನಲ್ಲಿ ‘ವ’ ಯಾಕೆ? ಲ್ಯಾಟಿನ್ ವರ್ಣಮಾಲೆಯಲ್ಲಿ ಡಬ್ಲ್ಯು ಅನ್ನುವ ಅಕ್ಷರವೇ ಇಲ್ಲ. ಅಲ್ಲಿ ‘ಉ’ ಸ್ವರಕ್ಕೂ ಅದರ ವ್ಯಂಜನ ರೂಪಕ್ಕೂ ಒಂದೇ ಅಕ್ಷರ, ಶಾಸನಗಳಲ್ಲಿ ಅದು ವಿ ಆಕಾರದಲ್ಲಿ ಇರುತ್ತದೆ. ಉತ್ತರ ಯುರೋಪಿನ ಭಾಷೆಗಳನ್ನು ಬರೆಯುವ ಹೊತ್ತಿಗೆ ಆ ಅಕ್ಷರವನ್ನೇ ಜೋಡಿಯಾಗಿ ಬರೆದು ಡಬ್ಲ್ಯು ಮಾಡಿಕೊಂಡರು. ಅದರ ಹೆಸರಲ್ಲೇ ಗುಟ್ಟಿದೆ: ಇಂಗ್ಲಿಷಿನವರಿಗೆ ಅದು ‘ಡಬಲ್ ಯು’, ಫ್ರೆಂಚರು ಅದನ್ನು ಕರೆಯುವ ಹೆಸರಿನ ಅರ್ಥ ‘ಜೋಡಿ ವಿ’. ಮತ್ತೆ ಲ್ಯಾಟಿನ್ನಿಗೆ ಹೋಗುವಾಗ ಜೋಡಿಯಲ್ಲಿ ಒಂದನ್ನು ಬಿಡಬೇಕು. ಅಂಗರಚನಾಶಾಸ್ತ್ರದ ವೆಸಾಲಿಯಸ್ (1514–1564) ಹೆಸರನ್ನೇ ತೆಗೆದುಕೊಳ್ಳಿ. ಮನೆತನದ ಹೆಸರು ‘ವಾನ್ ವೆಸೆಲ್’, ಆ ‘ವೆಸೆಲ್’ ಬರೆಯುವುದು ಡಬ್ಲ್ಯುವಿನಿಂದ. ಲ್ಯಾಟಿನ್ ಪುಸ್ತಕದ ಮೇಲೆ ಅದು ವಿ ಆಯಿತು.

ಈಗ ಸಂಧಿವಿಗ್ರಹಿಗಳು ಕೋಪಿಸಿಕೊಳ್ಳದಿದ್ದರೆ ಒಂದು ಮಾತು. ವ್ಯಾಕರಣದ ಪೆಟ್ಟಿಗೆಯಿಂದಲೇ ಹೋಲಿಕೆ ಬೇಕೆಂದರೆ ಆಗಮದ ಖಾನೆ ಬಿಟ್ಟು ಆದೇಶದ ಖಾನೆ ತೆರೆಯಿರಿ. ರಘುವಿನಿಂದ ರಾಘವ, ಪಾಂಡುವಿನಿಂದ ಪಾಂಡವ, ಕುರುವಿನಿಂದ ಕೌರವ. ಇಲ್ಲಿ ‘ವ’ ಹೊರಗಿನಿಂದ ಬಂದ ನೆಂಟ ಅಲ್ಲ. ಕೊನೆಯ ‘ಉ’ಕಾರಕ್ಕೆ ಗುಣವಾಗಿ ‘ಓ’, ಆ ‘ಓ’ ಮುಂದಿನ ಸ್ವರದ ಎದುರು ‘ಅವ್’. ಅಂದರೆ ಮನೆಯಲ್ಲಿದ್ದ ಉಕಾರವೇ ವೇಷ ಬದಲಿಸಿತು. ಷಾ ಹೆಸರಿನ ಕೊನೆಯ ಡಬ್ಲ್ಯು ಕೂಡ ಹುಟ್ಟಿನಿಂದ ಒಂದು ಉಕಾರವೇ. ಮುಂದೆ ಸ್ವರ ಬಂದಾಗ ಅದು ‘ವ’ ಆಗಿ ನಿಂತಿತು. ರಾಘವ, ಷೇವಿಯನ್ ಎರಡರಲ್ಲೂ ಮೊದಲ ಸ್ವರ ಕೂಡ ಬದಲಾಗಿರುವುದು ಮಾತ್ರ ಕಾಕತಾಳೀಯ, ಕಾರಣಗಳು ಬೇರೆ ಬೇರೆ.

ಇನ್ನೊಂದು ತಮಾಷೆ ಇದೆ. ‘ಷಾ’ ಅನ್ನುವುದು ಹಳೆಯ ಇಂಗ್ಲಿಷಿನಲ್ಲಿ ಸಣ್ಣ ತೋಪು, ಮರಗಳ ಗುಂಪು ಅನ್ನುವ ಅರ್ಥದ ಮಾತು. ಆಗ ಅದರ ಕೊನೆಯಲ್ಲಿ ‘ಗ’ಕಾರವಿತ್ತು. ಸ್ವರಗಳ ನಡುವೆ ಸಿಕ್ಕಿದ ಆ ‘ಗ’ ಸವೆದು ಸವೆದು ಡಬ್ಲ್ಯು ಆಯಿತು, ಆಮೇಲೆ ಅದೂ ಮಾತಿನಿಂದ ಅಳಿಸಿಹೋಗಿ ಕಾಗದದ ಮೇಲೆ ಮಾತ್ರ ಉಳಿಯಿತು. ‘ಲಾ’, ‘ಡ್ರಾ’ ಪದಗಳ ಡಬ್ಲ್ಯು ಕಥೆಯೂ ಅದೇ. ಸತ್ತ ವ್ಯಂಜನಕ್ಕೆ ಲ್ಯಾಟಿನ್ ಮತ್ತೆ ಜೀವ ಕೊಟ್ಟ ಹಾಗಾಯಿತು.

ಸಂಧಿವಿಗ್ರಹಿ:

ಕೋಪವೇನೂ ಇಲ್ಲ, ‘ಷಾರಿಯನ್’ ಉದಾಹರಣೆಗೆ ಸೋತೆ. ಆದರೂ ಒಂದು ತಕರಾರು. ಡಬ್ಲ್ಯು ಇದ್ದ ಕಡೆಯೆಲ್ಲ ವಿ ಆಗಬೇಕಾದರೆ ತಲೆಬುರುಡೆಯ ಹೊಲಿಗೆಗಳ ನಡುವೆ ಸಿಗುವ ಸಣ್ಣ ಮೂಳೆಗಳಿಗೆ ‘ವರ್ಮಿಯನ್’ ಅನ್ನುವಾಗ ಡಬ್ಲ್ಯು ಹಾಗೇ ಯಾಕಿದೆ? ಅದು ಡೆನ್ಮಾರ್ಕಿನ ಓಲೆ ವೋರ್ಮ್ (1588–1654) ಹೆಸರಿನದ್ದು, ಆತನ ಲ್ಯಾಟಿನ್ ಹೆಸರಲ್ಲೂ ಡಬ್ಲ್ಯು ಇದೆ.

ಹಳೇನಿಘಂಟು:

ಸರಿಯಾದ ತಕರಾರು. ಲ್ಯಾಟಿನ್ ಮಾಡುವವರೆಲ್ಲ ಒಂದೇ ಮಡಿ ಪಾಲಿಸಲಿಲ್ಲ. ಪದದ ಮೊದಲಲ್ಲಿ ಡಬ್ಲ್ಯು ಸ್ಪಷ್ಟವಾಗಿ ವ್ಯಂಜನ, ಅದನ್ನು ಹಾಗೇ ಬಿಟ್ಟವರು ಬೇಕಾದಷ್ಟು ಜನ. ವೆಸಾಲಿಯಸ್ ಬದಲಿಸಿಕೊಂಡ, ವೋರ್ಮ್ ಇಟ್ಟುಕೊಂಡ. ಪದದ ಕೊನೆಯಲ್ಲಿ ಮಾತ್ರ ಅದು ‘ಎ’ ಅಥವಾ ‘ಒ’ ಜೊತೆ ಸೇರಿ ಸ್ವರದ ಗುರುತಾಗಿಬಿಡುತ್ತದೆ, ದನಿ ಇರುವುದಿಲ್ಲ. ಅದರ ಮುಂದೆ ‘ಇಯಸ್’ ಬಂದಾಗ ಏನಾದರೂ ಮಾಡಲೇಬೇಕಾಗುತ್ತದೆ. ವಿಶೇಷಣಗಳಲ್ಲಿ ‘ವ’ ಎದ್ದು ಕಾಣುವುದು ಈ ಕೊನೆಯ ಜಾಗದಲ್ಲೇ.

ಷೇವಿಯಸ್ ರೂಪ ಯಾರ ಕೈಯಿಂದ ಬಂತು ಅನ್ನುವುದಕ್ಕೆ ಒಂದು ಕಥೆ ಹೇಳುತ್ತಾರೆ. ಷಾನ ಗೆಳೆಯ ವಿಲಿಯಂ ಮಾರಿಸ್‌ಗೆ ಮಧ್ಯಯುಗದ ಒಬ್ಬ ಷಾ ಬರೆದ ಹಸ್ತಪ್ರತಿ ಸಿಕ್ಕಿತಂತೆ. ಅದರ ಅಂಚಿನಲ್ಲಿ ಯಾರೋ ಲ್ಯಾಟಿನ್ನಿನಲ್ಲಿ ‘ಸಿಕ್ ಷೇವಿಯಸ್, ಸೆಡ್ ಇನೆಪ್ಟೆ’ ಎಂದು ಗೀಚಿದ್ದರಂತೆ: ಷಾ ಹೀಗನ್ನುತ್ತಾನೆ, ಆದರೆ ಅಸಂಬದ್ಧವಾಗಿ. ಆ ಟಿಪ್ಪಣಿ ಇರಲಿ ಇಲ್ಲದಿರಲಿ, ಆ ಕಾಲದ ಓದಿದ ಇಂಗ್ಲಿಷರಿಗೆ ಈ ರೂಪ ಹೊಸದಾಗಿ ಕಾಣುವ ಕಾರಣವಿರಲಿಲ್ಲ. ಹ್ಯಾರೋ ಶಾಲೆಯ ಹುಡುಗರು ಆಗಲೇ ‘ಹ್ಯಾರೋವಿಯನ್’ ಆಗಿದ್ದರು. ಆಕ್ಸ್‌ಫರ್ಡಿನವರು ಆಕ್ಸೋನಿಯನ್, ಕೇಂಬ್ರಿಜಿನವರು ಕ್ಯಾಂಟಬ್ರಿಜಿಯನ್. ಶಾಲೆಯಲ್ಲಿ ಲ್ಯಾಟಿನ್ ಕಲಿತವರ ಮನೆಮಾತಿನ ಹಾಸ್ಯ ಅದು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ‘ಷೇವಿಯನ್’ ಅಚ್ಚಿನಲ್ಲಿ ನೆಲೆಯೂರಿತು.

ನಾಲಿಗೆತುದಿ:

ಸ್ವರದ ಪ್ರಶ್ನೆ ಹಾಗೇ ಉಳಿಯಿತಲ್ಲ, ಅದು ನನ್ನ ಪಾಲಿಗಿರಲಿ.

ಇಂಗ್ಲಿಷಿನವರು ಲ್ಯಾಟಿನ್ ಪದಗಳನ್ನು ತಮ್ಮದೇ ರೀತಿಯಲ್ಲಿ ಓದುತ್ತಾರೆ. ‘ಇಯನ್’ ಬಾಲ ಬಂದಾಗ ಎರಡು ಕೆಲಸ ಆಗುತ್ತವೆ. ಒಂದು, ಒತ್ತು, ಅಂದರೆ ಉಚ್ಚರಿಸುವಾಗ ಬೀಳುವ ಭಾರ, ಬಾಲಕ್ಕೆ ತೀರ ಹಿಂದಿನ ಸ್ವರಕ್ಕೆ ಸರಿಯುತ್ತದೆ. ಎರಡು, ಆ ಸ್ವರಕ್ಕೂ ಬಾಲಕ್ಕೂ ನಡುವೆ ಒಂದೇ ವ್ಯಂಜನ ಇದ್ದರೆ ಸ್ವರ ದೀರ್ಘವಾಗುತ್ತದೆ. ದೀರ್ಘ ಅಂದರೆ ಇಂಗ್ಲಿಷಿನ ಅಕ್ಷರದ ಹೆಸರಿನ ದನಿ: ಎ ಅಕ್ಷರಕ್ಕೆ ‘ಏ’, ಒ ಅಕ್ಷರಕ್ಕೆ ‘ಓ’, ಇ ಅಕ್ಷರಕ್ಕೆ ‘ಈ’. ಐ ಅಕ್ಷರ ಮಾತ್ರ ಈ ಗುಂಪಿಗೆ ಸೇರುವುದಿಲ್ಲ, ಹ್ರಸ್ವವಾಗೇ ಉಳಿಯುತ್ತದೆ.

ಕೆನಡಾ ಅನ್ನುವಾಗ ‘ನ’ದ ಮೇಲೆ ಯಾರೂ ನಿಲ್ಲುವುದಿಲ್ಲ, ಕೆನೇಡಿಯನ್ ಅಂದಾಗ ಅಲ್ಲೇ ಪೂರ್ತಿ ಭಾರ. ನ್ಯೂಟನ್ ಇದ್ದವನು ನ್ಯೂಟೋನಿಯನ್. ಮೆಂಡೆಲ್ ಹೆಸರು ಮೆಂಡೀಲಿಯನ್. ವಾಗ್ನರ್ ವಾಗ್ನೀರಿಯನ್. ಗಣಿತದ ಆಯ್ಲರ್ ಆಯ್ಲೀರಿಯನ್. ಡಾರ್ವಿನ್ ಮಾತ್ರ ಡಾರ್ವಿನಿಯನ್, ಅಲ್ಲಿರುವುದು ಐ. ಡಿಕನ್ಸ್‌ನಲ್ಲಿ ಎರಡು ವ್ಯಂಜನ ಒಟ್ಟಿಗೆ ಇವೆ, ಹಾಗಾಗಿ ಒತ್ತು ಸರಿಯಿತು, ಸ್ವರ ಉದ್ದವಾಗಲಿಲ್ಲ: ಡಿಕೆನ್ಸಿಯನ್. ಆರ್ವೆಲ್‌ನಲ್ಲಿ ಜೋಡಿ ಎಲ್ ಬರೆಯುತ್ತಾರೆ, ಅದಕ್ಕೇ ‘ಆರ್ವೀಲಿಯನ್’ ಆಗಲಿಲ್ಲ. ಮೆಂಡೆಲ್, ಆರ್ವೆಲ್ ಎರಡೂ ಕೊನೆಗೆ ಒಂದೇ ತರ ಕೇಳಿಸಿದರೂ ವಿಶೇಷಣದಲ್ಲಿ ದಾರಿ ಬೇರೆಯಾಗುವುದು ಆ ಒಂದು ಹೆಚ್ಚಿನ ಎಲ್‌ನಿಂದ. ಕಾಗುಣಿತ ಉಚ್ಚಾರಣೆಯನ್ನು ಆಳುವುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಷಾ. ಹೆಸರಿನಲ್ಲಿ ‘ಆ’ ದನಿ ಕೊಡುತ್ತಿದ್ದದ್ದು ಎ ಮತ್ತು ಡಬ್ಲ್ಯು ಸೇರಿದ ಜೋಡಿ. ಡಬ್ಲ್ಯು ಹೋಗಿ ವಿ ಬಂದ ಕೂಡಲೇ ಜೋಡಿ ಒಡೆಯಿತು, ಎ ಒಂಟಿಯಾಯಿತು. ಒಂಟಿ ಎ, ಆಮೇಲೆ ಒಂದೇ ವ್ಯಂಜನ, ಅದರ ಮುಂದೆ ‘ಇಯನ್’. ನಿಯಮದ ಪ್ರಕಾರ ‘ಏ’. ಷೇವಿಯನ್.

ಕನ್ನಡದಲ್ಲಿ ಮಾತಾಡುವಾಗ ಎರಡು ಕಡೆ ಎಡವುತ್ತೇವೆ. ಹೆಸರು ಕೇಳಿ ‘ಷಾವಿಯನ್’ ಅನ್ನುವುದು ಒಂದು. ಎರಡನೆಯದು ‘ನ್ಯೂಟನಿಯನ್’, ‘ಮೆಂಡೆಲಿಯನ್’ ತರಹ ಮೂಲ ಹೆಸರಿನ ಸ್ವರವನ್ನೇ ಹಿಡಿದುಕೊಳ್ಳುವುದು. ನಮ್ಮ ಭಾಷೆಯಲ್ಲಿ ಪ್ರತ್ಯಯ ಬಂದರೆ ಒತ್ತು ಓಡಾಡುವುದಿಲ್ಲ, ಹಾಗಾಗಿ ಕಿವಿಗೆ ಅನುಮಾನವೇ ಬರುವುದಿಲ್ಲ.

(ಇಡೀ ಜನ್ಮ ಗಡ್ಡ ಬಿಟ್ಟವನ ವಿಶೇಷಣ ‘ಷೇವ್’ ಅಂತ ಶುರುವಾಗುವುದನ್ನು ಇಲ್ಲಿ ಇನ್ನೂ ಯಾರೂ ಎತ್ತಿಲ್ಲ ಅನ್ನುವುದೇ ಆಶ್ಚರ್ಯ.)

ಪದಗಂಟು:

ಒಡೆದ ಜೋಡಿಯ ವಿವರಣೆ ಚೆನ್ನಾಗಿ ಕೂತಿತು. ಹಾಗಾದರೆ ಅಮೆರಿಕದ ಲೇಖಕ ಥೋರೋ? ಆ ಹೆಸರಿನ ಕೊನೆಯಲ್ಲಿ ಡಬ್ಲ್ಯು ಇಲ್ಲ, ಅದು ಫ್ರೆಂಚ್ ಹೆಸರು. ಆದರೂ ‘ಥೋರೋವಿಯನ್’ ಅನ್ನುತ್ತಾರಲ್ಲ?

ಹಳೇನಿಘಂಟು:

ಅದು ನೋಡಿ ಕಲಿತದ್ದು. ನಾಟಕಕಾರ ಮಾರ್ಲೋ ಹೆಸರಿಗೆ ಮಾರ್ಲೋವಿಯನ್ ಇದೆ, ಅಲ್ಲಿ ಡಬ್ಲ್ಯು ಇರುವುದರಿಂದ ನ್ಯಾಯವಾಗಿ ‘ವ’ ಬಂದಿದೆ. ಕಿವಿಗೆ ‘ಓ’ ಕೊನೆಯ ಹೆಸರು, ಆಮೇಲೆ ‘ವಿಯನ್’. ಅದೇ ರಾಗಕ್ಕೆ ಥೋರೋ ಸೇರಿಕೊಂಡ. ಲ್ಯಾಟಿನ್ನಿನ ಯಾವ ಹಂಗೂ ಇಲ್ಲದೆ ‘ವಿಯನ್’ ಒಂದು ಪ್ರತ್ಯಯದ ಹಾಗೆ ನಡೆದುಕೊಳ್ಳುವುದು ಇಂಥಲ್ಲಿ. ಮೇಲೆ ನಾನು ‘ಅಂಥ ಪ್ರತ್ಯಯ ಇಲ್ಲ’ ಅಂದದ್ದನ್ನು ಇಷ್ಟರಮಟ್ಟಿಗೆ ಸಡಿಲಿಸುತ್ತೇನೆ. ಆದರೆ ಇದು ಎಲ್ಲ ಫ್ರೆಂಚ್ ಹೆಸರಿಗೂ ಅಂಟಲಿಲ್ಲ. ರೂಸೋಗೆ ಹೆಚ್ಚಾಗಿ ರೂಸೋಯಿಯನ್ ಅಂತಲೇ ಬರೆಯುತ್ತಾರೆ. ಫೂಕೋಗೆ ‘ಫೂಕೋಡಿಯನ್’ ಅಂತ ‘ಡ’ ಬರುತ್ತದೆ, ಅದು ಫ್ರೆಂಚರು ತಾವೇ ಮಾಡಿಕೊಂಡ ವಿಶೇಷಣದ ನೆರಳು. ದೆಕಾರ್ತ್ ಹೆಸರಿನದ್ದು ಇನ್ನೂ ದೂರ ಹೋಗಿದೆ. ಮೊದಲಿನ ‘ದೆ’ಯನ್ನು ಬಿಡಿ ಪದವೆಂದು ತೆಗೆದು ಲ್ಯಾಟಿನ್ನಿನಲ್ಲಿ ‘ಕಾರ್ಟೀಸಿಯಸ್’ ಮಾಡಿದರು, ಅದರಿಂದ ‘ಕಾರ್ಟೀಸಿಯನ್’. ಹೆಸರು ಗೊತ್ತಿಲ್ಲದವರಿಗೆ ಎರಡನ್ನೂ ಜೋಡಿಸುವುದೇ ಕಷ್ಟ.

ಮೊದಲೇ ಊಹಿಸುವ ಹಿಡಿತ ಕೇಳಿದ್ದಿರಿ. ಹೆಸರು ಎಡಬ್ಲ್ಯು (aw), ಒಡಬ್ಲ್ಯು (ow) ಜೋಡಿಗಳಿಂದ ಮುಗಿದರೆ ‘ವ’ ಇದೆಯೇ ಎಂದು ಮೊದಲು ಹುಡುಕಿ. ವ್ಯಂಜನದಿಂದ ಮುಗಿದರೆ ಸಾಮಾನ್ಯವಾಗಿ ‘ಇಯನ್’ ಸಲೀಸಾಗಿ ಹತ್ತುತ್ತದೆ. ಉಚ್ಚರಿಸದ ಇ ಅಕ್ಷರ ಕೊನೆಗಿದ್ದರೆ ಬರವಣಿಗೆಯಲ್ಲಿ ಐ ಬದಲು ಆ ಇ ಉಳಿಯುವುದು ಹೆಚ್ಚು: ಜಾಯ್ಸ್, ಲಾಕ್, ಹ್ಯೂಮ್, ಬೂಲ್ ಎಲ್ಲರದ್ದೂ ಹಾಗೇ. ಷೇಕ್ಸ್‌ಪಿಯರ್‌ಗೆ ಎರಡೂ ಕಾಗುಣಿತ ನಡೆಯುತ್ತವೆ. ‘ಆ’ಕಾರದಿಂದ ಮುಗಿಯುವ ಅಡ್ಡಹೆಸರುಗಳು ಹಲವು ಸಲ ‘ಇಯನ್’ ಬಿಟ್ಟು ಬೇರೆ ಬಾಗಿಲು ಹುಡುಕುತ್ತವೆ. ಕಾಫ್ಕಾ ಕಾಫ್ಕಾಯೆಸ್ಕ್ ಆದ, ವೋಲ್ಟಾ ವೋಲ್ಟಾಯಿಕ್ ಆದ.

ಕಲ್ಲುಸುತ್ತಿಗೆ:

ಭೂವಿಜ್ಞಾನದಿಂದ ಒಂದು ಸೇರಿಸುತ್ತೇನೆ, ಇಲ್ಲಿ ಅಡ್ಡಹೆಸರೋ ಊರೋ ಅನ್ನುವ ಗೊಂದಲ ಇದೆ. ‘ಬ್ಯಾರೋವಿಯನ್’ ಅನ್ನುವುದು ಬ್ಯಾರೋ-ಇನ್-ಫರ್ನೆಸ್ ಊರಿನವರಿಗೂ ನಡೆಯುತ್ತದೆ. ಶಿಲಾಶಾಸ್ತ್ರದಲ್ಲಿ ‘ಬ್ಯಾರೋವಿಯನ್ ವಲಯಗಳು’ ಅಂದರೆ ಊರಿಗೆ ಸಂಬಂಧವೇ ಇಲ್ಲ. ಜಾರ್ಜ್ ಬ್ಯಾರೋ (1853–1932) ಎಂಬ ಭೂವಿಜ್ಞಾನಿ 1893ರಲ್ಲಿ ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ ರೂಪಾಂತರ ಶಿಲೆಗಳನ್ನು ಸೂಚಕ ಖನಿಜಗಳ ಮೇಲೆ ವಿಂಗಡಿಸಿದ. ಆ ಸರಣಿ ಇವತ್ತು ಕ್ಲೋರೈಟ್, ಬಯೋಟೈಟ್, ಗಾರ್ನೆಟ್, ಸ್ಟಾರೋಲೈಟ್, ಕಯನೈಟ್, ಸಿಲಿಮನೈಟ್ ಎಂದು ಕಾವು ಏರುವ ಕ್ರಮದಲ್ಲಿ ನಿಂತಿದೆ. ಅನುವಾದದಲ್ಲಿ ‘ಬ್ಯಾರೋ ಊರಿನ ವಲಯ’ ಅಂತ ಬರೆದರೆ ಇಡೀ ವಾಕ್ಯ ಕೆಟ್ಟಿತು. ಇನ್ನೊಂದು ವಿಷಯ, ಇಲ್ಲಿ ‘ವ’ ಬಂದರೂ ಸ್ವರ ಬದಲಾದಂತೆ ಕೇಳುವುದಿಲ್ಲ.

ನಾಲಿಗೆತುದಿ:

ಕೇಳುವುದಿಲ್ಲ, ಯಾಕೆಂದರೆ ಒಡಬ್ಲ್ಯು ಜೋಡಿಯ ದನಿಯೂ ‘ಓ’, ಒಂಟಿ ಒ ದೀರ್ಘವಾದರೂ ‘ಓ’. ಎಡಬ್ಲ್ಯು ಜೋಡಿಯಲ್ಲಿ ಮಾತ್ರ ‘ಆ’ ಹೋಗಿ ‘ಏ’ ಬರುತ್ತದೆ. ಹ್ಯಾರೋ, ಮಾರ್ಲೋ, ಬ್ಯಾರೋ ಎಲ್ಲರೂ ಇದೇ ರಿಪೇರಿ ಮಾಡಿಸಿಕೊಂಡವರು, ಹೊಲಿಗೆ ಕಾಣಿಸುವುದು ಷಾನದ್ದು ಮಾತ್ರ.

ಕರಡುತಿದ್ದು:

ಕನ್ನಡಕ್ಕೆ ತರುವ ವಿಚಾರ. ‘ಷೇವಿಯನ್’ ಕಂಡಲ್ಲೆಲ್ಲ ಒಂದೇ ಪದ ಇಡಲು ಹೋಗಬೇಡಿ, ಇಂಗ್ಲಿಷಿನ ಈ ಬಾಲ ಮೂರು ಕೆಲಸ ಮಾಡುತ್ತದೆ. ಬರೀ ಸಂಬಂಧ ಹೇಳುತ್ತಿದ್ದರೆ ಕನ್ನಡದ ಷಷ್ಠಿಯೇ ಸಾಕು: ಷಾನ ಪೀಠಿಕೆಗಳು, ಷಾನ ಪಾತ್ರಗಳು. ಬೇರೊಬ್ಬರ ಬರಹ ಷಾನಂತಿದೆ ಎಂದಿದ್ದರೆ ‘ಷಾ ಧಾಟಿಯ’ ಅಥವಾ ‘ಷಾ ಮಾದರಿಯ’. ನಾಮಪದವಾಗಿ ‘ಅವರೊಬ್ಬ ಷೇವಿಯನ್’ ಎಂದಿದ್ದರೆ ‘ಷಾ ಅಭಿಮಾನಿ’ಯೋ ‘ಷಾ ವಿದ್ವಾಂಸ’ರೋ ಎಂದು ಸಂದರ್ಭ ನೋಡಿ ತೀರ್ಮಾನಿಸಬೇಕು. ‘ಷಾವೀಯ’ ತರಹದ ರೂಪ ಕಟ್ಟುವುದು ವ್ಯಾಕರಣಕ್ಕೆ ಒಗ್ಗಬಹುದು, ಓದುವವರಿಗೆ ಶಾವಿಗೆ ನೆನಪಾಗುತ್ತದೆ.

ಹೆಸರೇ ಆಗಿಬಿಟ್ಟಲ್ಲಿ ಮಾತ್ರ ಹಾಗೇ ಬಿಡಿ. ಷೇವಿಯನ್ ಲಿಪಿ, ಬ್ಯಾರೋವಿಯನ್ ವಲಯ.

ಹಳೆಯ ಬಳಕೆ ಹುಡುಕುವವರಿಗೆ ಒಂದು ಎಚ್ಚರಿಕೆ. ಸ್ಕ್ಯಾನ್ ಮಾಡಿದ ಪುಸ್ತಕಗಳ ಭಂಡಾರದಲ್ಲಿ ಪದ ಹಾಕಿ ಹುಡುಕಿದರೆ ಷಾ ಹುಟ್ಟಿದ 1856ಕ್ಕೂ ಹಿಂದಿನ ‘ಉದಾಹರಣೆ’ ಎದುರಾದರೂ ಹಿಗ್ಗಬೇಡಿ. ಯಂತ್ರ ಅಕ್ಷರ ತಪ್ಪಾಗಿ ಓದಿರುತ್ತದೆ, ಅಥವಾ ಸಾಲಿನ ಕೊನೆಯಲ್ಲಿ ಮುರಿದ ಬೇರೊಂದು ಪದದ ತುಂಡು ಸಿಕ್ಕಿರುತ್ತದೆ. ನಿಯತಕಾಲಿಕೆಗಳಲ್ಲಿ ಇನ್ನೊಂದು ಮೋಸ: ಎಷ್ಟೋ ಸಲ ಪತ್ರಿಕೆ ಶುರುವಾದ ವರ್ಷವನ್ನೇ ಎಲ್ಲ ಸಂಪುಟಗಳಿಗೂ ಹಾಕಿರುತ್ತಾರೆ. ಪುಟದ ಚಿತ್ರ ತೆರೆದು ಪದವನ್ನು ಕಣ್ಣಿನಿಂದ ನೋಡಿ, ಆ ಸಂಪುಟದ ಮುಖಪುಟಕ್ಕೆ ಹೋಗಿ ವರ್ಷ ನೋಡಿ, ಆಮೇಲೆ ನಂಬಿ. ‘ಷಾಯಿಯನ್’ ರೂಪವನ್ನೂ ಪ್ರತ್ಯೇಕವಾಗಿ ಹುಡುಕಲು ಮರೆಯಬೇಡಿ, ಇಲ್ಲದಿದ್ದರೆ 1890ರ ದಶಕ ಖಾಲಿಯಾಗಿ ಕಾಣುತ್ತದೆ.

ಪದಗಂಟು:

ಷೇವಿಯನ್ ಲಿಪಿ ಎಂದಿರಿ. ಅದು ಷಾ ತಾನೇ ಮಾಡಿದ್ದೇ?

ಕರಡುತಿದ್ದು:

ಅಲ್ಲ. ಇಂಗ್ಲಿಷಿಗೆ ದನಿಗೊಂದು ಅಕ್ಷರದಂತೆ ಕನಿಷ್ಠ 40 ಅಕ್ಷರಗಳ ಹೊಸ ಲಿಪಿ ಬೇಕೆಂದು ಆತ ಉಯಿಲಿನಲ್ಲಿ ಹಣ ಇಟ್ಟಿದ್ದ. 1950ರಲ್ಲಿ ತೀರಿಕೊಂಡ ಮೇಲೆ ಕೋರ್ಟಿನ ವ್ಯಾಜ್ಯ ಮುಗಿದು ಸ್ಪರ್ಧೆ ನಡೆಯಿತು, 467 ಮಾದರಿಗಳು ಬಂದವು. ಕೊನೆಗೆ ನಿಂತದ್ದು ಕಿಂಗ್ಸ್‌ಲೀ ರೀಡ್ ಕೈಬರಹದ 48 ಅಕ್ಷರಗಳು. 1962ರಲ್ಲಿ ಷಾನ ‘ಆಂಡ್ರೊಕ್ಲಿಸ್ ಅಂಡ್ ದ ಲಯನ್’ ನಾಟಕ ಎರಡೂ ಲಿಪಿಯಲ್ಲಿ ಎದುರುಬದುರು ಅಚ್ಚಾಯಿತು. 2003ರಿಂದ ಯೂನಿಕೋಡ್‌ನಲ್ಲೂ ಇದೆ.

ನಾಲಿಗೆತುದಿ:

ಆ ಲಿಪಿಯಲ್ಲಿ ನಮ್ಮ ಎರಡು ಪದಗಳನ್ನು ಬರೆದು ನೋಡಿ. ‘ಷಾ’ಗೆ ಎರಡೇ ಅಕ್ಷರ ಸಾಕು, ‘ಷ್’ ದನಿಗೊಂದು, ‘ಆ’ ದನಿಗೊಂದು. ‘ಷೇವಿಯನ್’ಗೆ ಐದು: ಷ್, ಏ, ವ್, ‘ಇಯ’ ಜೋಡಿಸ್ವರಕ್ಕೆಂದೇ ಇರುವ ಒಂದು ಅಕ್ಷರ, ಕೊನೆಗೆ ನ್. ಎರಡಕ್ಕೂ ಹೊಂದುವುದು ಮೊದಲ ಅಕ್ಷರ ಮಾತ್ರ. ಹಳೆಯ ಕಾಗುಣಿತದಲ್ಲಾದರೆ ಮೊದಲ ಮೂರು ಅಕ್ಷರ ಹಾಗೇ ಇದ್ದು, ನಾಲ್ಕನೆಯ ಡಬ್ಲ್ಯುವಿನ ಜಾಗದಲ್ಲಿ ಅದರ ಅರ್ಧದಂತಿರುವ ವಿ ಕೂತಿರುತ್ತದೆ.